ಡಯಾಲಿಸಿಸ್ ದಿನ ಮಾತ್ರ ಆಂಟಿಬಯೋಟಿಕ್ ಕೊಟ್ಟರೆ ಉಳಿದ ದಿನಗಳಿಗೆ ಸಾಕಾಗುತ್ತದೆಯೇ?

ಪ್ರಶ್ನೆ (ಹಾಸನ ಜಿಲ್ಲೆಯಿಂದ, ರೋಗಿಯ ಮಗಳು)

ನಮ್ಮ ತಾಯಿಗೆ 58 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಸೋತು ಎಂಟು ತಿಂಗಳಾಯಿತು. ಸೋಮವಾರ ಮತ್ತು ಶುಕ್ರವಾರ, ಹೀಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿರುವ ಫಿಸ್ಟುಲಾ ಇನ್ನೂ ಬಲಿತಿಲ್ಲದ ಕಾರಣ ಕುತ್ತಿಗೆಯ ಬಲಭಾಗದಲ್ಲಿ ಹಾಕಿರುವ ಪರ್ಮ್‌ಕ್ಯಾತ್ ಎಂಬ ಕೊಳವೆಯ (ಕ್ಯಾತಿಟರ್) ಮೂಲಕವೇ ರಕ್ತ ತೆಗೆದು ಒಳಗೆ ಬಿಡುತ್ತಾರೆ.

ಮೂರು ವಾರಗಳ ಹಿಂದೆ ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಅಮ್ಮನಿಗೆ ಹಲ್ಲು ಕಟಕಟಿಸುವಂತಹ ಚಳಿ ನಡುಕ ಬಂತು, ಆಮೇಲೆ ಜ್ವರ ಏರಿತು. ಮನೆಗೆ ಬಂದ ಮೇಲೆ ಇಳಿಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡರಂತೆ ಮೂರು ದಿನ ಬರೆದುಕೊಟ್ಟರು. ರಕ್ತ ಪರೀಕ್ಷೆ ಯಾವುದೂ ಆಗಲಿಲ್ಲ. ಮುಂದಿನ ಡಯಾಲಿಸಿಸ್‌ನಲ್ಲಿ ಮತ್ತೆ ಅದೇ ನಡುಕ ಕಾಣಿಸಿಕೊಂಡಾಗ ಮೂತ್ರಪಿಂಡ ತಜ್ಞರಲ್ಲಿಗೆ ಕರೆದೊಯ್ದೆವು. ಅವರು ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ತೆಗೆಸಿ, ವ್ಯಾಂಕೊಮೈಸಿನ್ ಮತ್ತು ಸೆಫ್ಟಾಜಿಡಿಮ್ ಇಂಜೆಕ್ಷನ್ ಆರಂಭಿಸಿದರು. ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ, ಅದು ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗುವ ಜಾತಿ ಎಂಬ ವರದಿ ಬಂದ ಮೇಲೆ ಆ ಎರಡನ್ನೂ ನಿಲ್ಲಿಸಿ, ಸೆಫಾಜೊಲಿನ್ ಎಂಬ ಒಂದೇ ಔಷಧಿಯನ್ನು 2 ಗ್ರಾಂ ಪ್ರಮಾಣದಲ್ಲಿ ಪ್ರತಿ ಡಯಾಲಿಸಿಸ್ ಮುಗಿದ ಮೇಲೆ ಕೊಡಲು ಬರೆದಿದ್ದಾರೆ. ಕ್ಯಾತಿಟರ್ ತೆಗೆಯಬೇಕು ಎಂದೂ ಹೇಳಿದ್ದಾರೆ.

ವೈದ್ಯರ ಮೇಲೆ ನಮಗೆ ನಂಬಿಕೆಯಿದೆ. ಆದರೆ ಅವರಿಗೆ ಕೇಳಲು ಸಮಯ ಸಿಗದೆ ಉಳಿದ ಕೆಲವು ಸಂಶಯಗಳು ರಾತ್ರಿ ನಿದ್ದೆಗೆಡಿಸುತ್ತಿವೆ. ಬೇರೆಯವರಿಗೆಲ್ಲ ದಿನಕ್ಕೆ ಮೂರು ಸಲ ಕೊಡುವ ಇಂಜೆಕ್ಷನ್ ಅಮ್ಮನಿಗೆ ವಾರಕ್ಕೆ ಎರಡೇ ಸಲ ಸಾಕೇ? ವ್ಯಾಂಕೊಮೈಸಿನ್ ಹೆಚ್ಚು ಶಕ್ತಿಯ ಔಷಧಿ ಎಂದು ಎಲ್ಲರೂ ಹೇಳುವಾಗ ಅದನ್ನು ಬಿಟ್ಟು ಹಳೆಯ, ಅಗ್ಗದ ಔಷಧಿಗೆ ಬದಲಾಯಿಸಿದ್ದೇಕೆ? ಜ್ವರ ಪೂರ್ತಿ ಇಳಿದಿರುವಾಗ ಕ್ಯಾತಿಟರ್ ತೆಗೆಯಲೇಬೇಕೇ?

ಉತ್ತರ 1 (ಮೂತ್ರಪಿಂಡ ವೈದ್ಯೆ)

ನಿಮ್ಮ ಮೊದಲ ಪ್ರಶ್ನೆಯನ್ನು ಡಯಾಲಿಸಿಸ್ ರೋಗಿಗಳ ಮನೆಯವರು ಮಾತ್ರವಲ್ಲ, ಬೇರೆ ವಿಭಾಗದ ವೈದ್ಯರೂ ಕೇಳುವುದುಂಟು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸೆಫಾಜೊಲಿನ್ ದೇಹದಿಂದ ಹೊರಹೋಗುವ ಮುಖ್ಯ ದಾರಿ ಮೂತ್ರ. ಆರೋಗ್ಯವಂತರಲ್ಲಿ ರಕ್ತದಲ್ಲಿರುವ ಔಷಧಿ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಸಾಕು; ಹಾಗಾಗಿಯೇ ಅವರಿಗೆ ಎಂಟು ಗಂಟೆಗೊಮ್ಮೆ ಕೊಡಬೇಕಾಗುತ್ತದೆ. ಮೂತ್ರಪಿಂಡ ಪೂರ್ತಿ ನಿಂತವರಲ್ಲಿ ಅದೇ ಔಷಧಿ ಅರ್ಧಕ್ಕಿಳಿಯಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಹೊರಹೋಗುವ ಬಾಗಿಲು ಮುಚ್ಚಿರುವುದರಿಂದ ಒಮ್ಮೆ ಕೊಟ್ಟದ್ದು ರಕ್ತದಲ್ಲಿಯೇ ಸುತ್ತುತ್ತಾ ದಿನಗಟ್ಟಲೆ ಕೆಲಸ ಮಾಡುತ್ತದೆ. ಆ ಬಾಗಿಲು ತೆರೆಯುವುದು ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿದಾಗ ಮಾತ್ರ. ನಾಲ್ಕು ಗಂಟೆಗಳ ಡಯಾಲಿಸಿಸ್ ಔಷಧಿಯ ದೊಡ್ಡ ಪಾಲನ್ನು ತೊಳೆದು ಹಾಕುವುದರಿಂದ, ಯಂತ್ರದಿಂದ ಬಿಡಿಸುವ ಹೊತ್ತಿಗೆ ಮತ್ತೆ ತುಂಬಿಸಿ ಕಳುಹಿಸುತ್ತೇವೆ. ಡಯಾಲಿಸಿಸ್‌ಗೆ ಮೊದಲು ಕೊಟ್ಟರೆ ಔಷಧಿ ರೋಗಿಗಿಂತ ಹೆಚ್ಚಾಗಿ ಚರಂಡಿಗೆ ಸೇರುತ್ತದೆ. ನಿಮ್ಮ ತಾಯಿಯವರ ಔಷಧಿಯ ವೇಳೆಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಡಯಾಲಿಸಿಸ್ ನಿರ್ಧರಿಸುತ್ತದೆ ಎಂದು ತಿಳಿಯಿರಿ.

ಆದರೆ ನಿಮ್ಮ ಸಂಶಯದಲ್ಲಿ ಒಂದು ಅಂಶ ನಿಜಕ್ಕೂ ಸರಿಯಾಗಿದೆ. ಪುಸ್ತಕಗಳಲ್ಲಿರುವ ಪ್ರಮಾಣ ವಾರಕ್ಕೆ ಮೂರು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗಾಗಿ ಲೆಕ್ಕ ಹಾಕಿದ್ದು: ಎರಡು ದಿನಗಳ ಅಂತರವಿರುವಾಗ 2 ಗ್ರಾಂ, ವಾರಾಂತ್ಯದ ಮೂರು ದಿನಗಳ ಅಂತರಕ್ಕೆ 3 ಗ್ರಾಂ. ನಿಮ್ಮ ತಾಯಿಯವರಿಗೆ ಸೋಮವಾರದಿಂದ ಶುಕ್ರವಾರದವರೆಗೆ ನಾಲ್ಕು ದಿನಗಳ ಅಂತರ ಬೀಳುತ್ತದೆ. ನಮ್ಮ ರಾಜ್ಯದಲ್ಲಿ ವಾರಕ್ಕೆ ಎರಡೇ ಡಯಾಲಿಸಿಸ್ ಪಡೆಯುವವರು ಬಹಳ ಮಂದಿ ಇರುವಾಗ ಈ ವ್ಯತ್ಯಾಸವನ್ನು ಮರೆಯಬಾರದು. ಅವರಿಗೆ ಇನ್ನೂ ಸ್ವಲ್ಪ ಮೂತ್ರ ಬರುತ್ತಿದ್ದರೆ ಔಷಧಿ ಆ ದಾರಿಯಲ್ಲಿಯೂ ಹೋಗುತ್ತಿರುತ್ತದೆ. ಆದ್ದರಿಂದ ಆ ನಾಲ್ಕು ದಿನಗಳ ನಡುವೆ ಹೆಚ್ಚುವರಿ ಡೋಸ್ ಬೇಕೇ, ಅಥವಾ ಚಿಕಿತ್ಸೆ ಮುಗಿಯುವವರೆಗೆ ಬುಧವಾರ ಇನ್ನೊಂದು ಡಯಾಲಿಸಿಸ್ ಸೇರಿಸಬಹುದೇ ಎಂದು ನಿಮ್ಮ ತಜ್ಞರನ್ನು ನೇರವಾಗಿ ಕೇಳಿ. ದಿನಕ್ಕೆ ಎಷ್ಟು ಮೂತ್ರವಾಗುತ್ತದೆ ಎಂಬುದನ್ನು ಅಳೆದುಕೊಂಡು ಹೋದರೆ ಅವರಿಗೆ ತೀರ್ಮಾನಿಸಲು ಅನುಕೂಲ.

ಎರಡನೆಯದು, ವ್ಯಾಂಕೊಮೈಸಿನ್ ಕುರಿತು. ವರದಿ ಬರುವ ಮೊದಲು ಯಾವ ಬ್ಯಾಕ್ಟೀರಿಯಾ ಎಂದು ಯಾರಿಗೂ ಗೊತ್ತಿರುವುದಿಲ್ಲ. ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಇರಬಹುದು, ಸ್ಯೂಡೊಮೊನಾಸ್ ಅಥವಾ ಕ್ಲೆಬ್ಸಿಯೆಲ್ಲಾ ಇರಬಹುದು. ಆದ್ದರಿಂದ ಎರಡೂ ಕಡೆ ಕಾವಲಿರಲೆಂದು ಎರಡು ಔಷಧಿಗಳಿಂದ ಆರಂಭಿಸುತ್ತೇವೆ. ಹೆಸರು ತಿಳಿದ ಮೇಲೆ ಲೆಕ್ಕ ಬೇರೆ. ಮೆಥಿಸಿಲಿನ್‌ಗೆ ಬಗ್ಗುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನು ಕೊಲ್ಲುವುದರಲ್ಲಿ ಸೆಫಾಜೊಲಿನ್ ವ್ಯಾಂಕೊಮೈಸಿನ್‌ಗಿಂತ ವೇಗವಾದದ್ದು, ಮತ್ತು ಡಯಾಲಿಸಿಸ್ ರೋಗಿಗಳಲ್ಲಿಯೂ ಸೆಫಾಜೊಲಿನ್ ಪಡೆದವರ ಫಲಿತಾಂಶ ಉತ್ತಮವಾಗಿರುವುದು ಕಂಡುಬಂದಿದೆ. ಹಳೆಯದು, ಅಗ್ಗದ್ದು ಎಂಬ ಕಾರಣಕ್ಕೆ ಅದು ದುರ್ಬಲವಾಗುವುದಿಲ್ಲ. ವರದಿ ಬಂದ ಮೇಲೂ ವ್ಯಾಂಕೊಮೈಸಿನ್‌ನಲ್ಲಿಯೇ ಮುಂದುವರಿಸುವುದು ಅನುಕೂಲಕ್ಕಾಗಿ ನಡೆಯುವ ತಪ್ಪು. ನಿಮ್ಮ ತಜ್ಞರು ಅದನ್ನು ಮಾಡದಿರುವುದು ನನಗೆ ಸಮಾಧಾನ ತಂದಿತು.

ಇಲ್ಲಿ ಓದುವ ಕಿರಿಯ ವೈದ್ಯರಿಗಾಗಿ ಒಂದು ಮಾತು ಸೇರಿಸುತ್ತೇನೆ. ವ್ಯಾಂಕೊಮೈಸಿನ್ ಅಣು ದೊಡ್ಡದು, ಸುಮಾರು 1,450 ಡಾಲ್ಟನ್ (ಅಣುವಿನ ತೂಕದ ಅಳತೆ). ಹಿಂದಿನ ಲೋ ಫ್ಲಕ್ಸ್ ಡಯಲೈಸರ್‌ಗಳ (ಯಂತ್ರದಲ್ಲಿ ರಕ್ತ ಸೋಸುವ ಭಾಗ) ಸಣ್ಣ ರಂಧ್ರಗಳಲ್ಲಿ ಅದು ಹೆಚ್ಚಾಗಿ ನುಸುಳುತ್ತಿರಲಿಲ್ಲವಾದ್ದರಿಂದ ವಾರಕ್ಕೆ ಒಂದೇ ಗ್ರಾಂ ಎಂಬ ರೂಢಿ ಬೆಳೆಯಿತು. ಈಗಿನ ಹೈ ಫ್ಲಕ್ಸ್ ಡಯಲೈಸರ್‌ಗಳು ಒಂದು ಬಾರಿಗೆ ಅದರ ಗಣನೀಯ ಪಾಲನ್ನು ಹೊರಹಾಕುತ್ತವೆ. ವಾರಕ್ಕೊಂದು ಗ್ರಾಂ ಎಂಬ ಹಳೆಯ ಪಾಠವನ್ನು ಇನ್ನೂ ಹಿಡಿದುಕೊಂಡರೆ ವಾರದ ಬಹುಪಾಲು ರೋಗಿ ಔಷಧಿಯಿಲ್ಲದೆ ಇರುತ್ತಾರೆ. ತೂಕಕ್ಕೆ ತಕ್ಕ ದೊಡ್ಡ ಮೊದಲ ಡೋಸ್, ಆಮೇಲೆ ಪ್ರತಿ ಡಯಾಲಿಸಿಸ್‌ನೊಂದಿಗೆ ಚಿಕ್ಕ ಡೋಸ್, ಸಾಧ್ಯವಿರುವಲ್ಲಿ ಡಯಾಲಿಸಿಸ್‌ಗೆ ಮುನ್ನ ರಕ್ತದ ಮಟ್ಟ ನೋಡಿ ಅದನ್ನು ಮಿಲಿಲೀಟರಿಗೆ 15ರಿಂದ 20 ಮೈಕ್ರೊಗ್ರಾಂ ಒಳಗೆ ಇಡುವುದು ಈಗಿನ ಕ್ರಮ.

ಇನ್ನು ಕ್ಯಾತಿಟರ್. ಅದರ ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿಕೊಂಡು, ತಮ್ಮ ಸುತ್ತ ಲೋಳೆಯಂತಹ ಪದರ ಕಟ್ಟಿಕೊಳ್ಳುತ್ತವೆ. ರಕ್ತದಲ್ಲಿ ತೇಲುವ ಬ್ಯಾಕ್ಟೀರಿಯಾಗಳನ್ನು ಔಷಧಿ ಕೊಂದರೂ ಆ ಪದರದೊಳಗಿರುವವುಗಳಿಗೆ ಅದು ಸರಿಯಾಗಿ ತಲುಪುವುದಿಲ್ಲ. ಜ್ವರ ಇಳಿಯುತ್ತದೆ, ಔಷಧಿ ನಿಲ್ಲುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ನಡುಕ ಬರುತ್ತದೆ. ಕ್ಯಾತಿಟರ್ ತೆರೆದು ರಕ್ತ ಹರಿಸಿದ ಅರ್ಧ ಗಂಟೆಗೆ ನಡುಕ ಬಂದದ್ದೇ ಅದರ ಮೂಲ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತದೆ. ಚರ್ಮದ ಮೇಲಿನ ಸೌಮ್ಯ ಸ್ಟ್ಯಾಫಿಲೊಕಾಕಸ್ ಜಾತಿಗಳಾದರೆ ಕ್ಯಾತಿಟರ್ ಒಳಗೆ ಆಂಟಿಬಯೋಟಿಕ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ತುಂಬಿ ಮುಚ್ಚುವ ಲಾಕ್ ವಿಧಾನದಿಂದ ಉಳಿಸಿಕೊಳ್ಳಲು ಪ್ರಯತ್ನಿಸಬಹುದು. ಆರಿಯಸ್, ಸ್ಯೂಡೊಮೊನಾಸ್ ಮತ್ತು ಕ್ಯಾಂಡಿಡಾ ಶಿಲೀಂಧ್ರದ ವಿಷಯದಲ್ಲಿ ಆ ಪ್ರಯತ್ನ ಬೇಡ. ಆರಿಯಸ್ ಹೃದಯದ ಕವಾಟಕ್ಕೆ, ಬೆನ್ನುಮೂಳೆಗೆ, ಕೀಲುಗಳಿಗೆ ಹೋಗಿ ಕೂರುವ ಸ್ವಭಾವದ್ದು. ಎಕೋ ಪರೀಕ್ಷೆ (ಹೃದಯದ ಸ್ಕ್ಯಾನ್) ಆಗಿದೆಯೇ? ಆಗಿಲ್ಲವಾದರೆ ಆಗಬೇಕು. ಔಷಧಿ ಶುರುವಾದ ಎರಡು ಮೂರು ದಿನಗಳಲ್ಲಿ ಕಲ್ಚರ್ ಮತ್ತೆ ತೆಗೆಯಬೇಕು. ಅದರಲ್ಲಿ ಏನೂ ಬೆಳೆಯದ ದಿನದಿಂದ ಚಿಕಿತ್ಸೆಯ ದಿನಗಳನ್ನು ಎಣಿಸುತ್ತೇವೆ. ಬೇರೆಲ್ಲೂ ಹರಡಿಲ್ಲದಿದ್ದರೆ ನಾಲ್ಕು ವಾರ, ಕವಾಟಕ್ಕೆ ತಗುಲಿದ್ದರೆ ಆರು ವಾರ, ಮೂಳೆಗೆ ಇಳಿದಿದ್ದರೆ ಆರರಿಂದ ಎಂಟು ವಾರ. ಜ್ವರವಿಲ್ಲ ಎಂದು ನಡುವೆ ನಿಲ್ಲಿಸಬೇಡಿ. ಹೊಸದಾಗಿ ಬೆನ್ನು ನೋವು ಆರಂಭವಾದರೆ ಮುಂದಿನ ಡಯಾಲಿಸಿಸ್‌ವರೆಗೆ ಕಾಯಬೇಡಿ.

ಉತ್ತರ 2 (ಡಯಾಲಿಸಿಸ್ ಘಟಕದ ಸ್ಟಾಫ್ ನರ್ಸ್)

ವೈದ್ಯರು ಹೇಳಿದ್ದಕ್ಕೆ ನಮ್ಮ ಕಡೆಯ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ಕಲ್ಚರ್‌ಗೆ ರಕ್ತವನ್ನು ಆಂಟಿಬಯೋಟಿಕ್ ಕೊಡುವ ಮೊದಲೇ, ಎರಡು ಕಡೆಯಿಂದ ತೆಗೆಯಬೇಕು. ಒಂದು ಕ್ಯಾತಿಟರ್‌ನಿಂದ, ಇನ್ನೊಂದು ಕೈಯಿಂದ. ಕೈಯಿಂದ ತೆಗೆಯುವಾಗ ಫಿಸ್ಟುಲಾ ಇರುವ ಅಥವಾ ಮುಂದೆ ಮಾಡಬೇಕಾದ ಕೈಯನ್ನು ಮುಟ್ಟಬಾರದು. ಇನ್ನೊಂದು ಕೈಯ ಹಿಂಭಾಗದ ರಕ್ತನಾಳವನ್ನೇ ಬಳಸಬೇಕು. ಡಯಾಲಿಸಿಸ್ ನಡೆಯುತ್ತಿರುವಾಗಲೇ ನಡುಕ ಬಂದರೆ ಯಂತ್ರದ ರಕ್ತದ ಟ್ಯೂಬಿನಿಂದಲೂ ತೆಗೆಯಬಹುದು. ನಿಮ್ಮ ತಾಯಿಯವರು ಮೂರು ದಿನ ಸಿಪ್ರೊಫ್ಲಾಕ್ಸಾಸಿನ್ ನುಂಗಿದ ಮೇಲೂ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದದ್ದು ಅದೃಷ್ಟ. ಎಷ್ಟೋ ಸಲ ಅಂತಹ ಅರ್ಧ ಚಿಕಿತ್ಸೆಯಿಂದ ಕಲ್ಚರ್ ಖಾಲಿ ಬಂದು, ಏನೆಂದು ತಿಳಿಯದೆ ದೊಡ್ಡ ಔಷಧಿಗಳನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ.

ವ್ಯಾಂಕೊಮೈಸಿನ್ ಕೊಡುವಾಗ ಒಂದು ಗ್ರಾಂಗೆ ಕನಿಷ್ಠ ಒಂದು ಗಂಟೆ ಬೇಕು. ಯಂತ್ರದಿಂದ ಬಿಡಿಸಿ ಬಸ್ಸಿಗೆ ಹೊರಡುವ ಅವಸರದಲ್ಲಿ ಬೇಗ ಬಿಟ್ಟರೆ ಮುಖ, ಕತ್ತು, ಎದೆ ಕೆಂಪಾಗಿ ತುರಿಕೆ ಬರುತ್ತದೆ, ರಕ್ತದೊತ್ತಡ ಕುಸಿಯಬಹುದು. ಇದನ್ನು ಮನೆಯವರು ಔಷಧಿಯ ಅಲರ್ಜಿ ಎಂದು ಬರೆದಿಟ್ಟುಕೊಂಡು ಮುಂದೆ ಬೇಕಾದಾಗ ನಿರಾಕರಿಸಿದ್ದನ್ನೂ ನೋಡಿದ್ದೇನೆ. ನಿಧಾನವಾಗಿ ಕೊಟ್ಟರೆ ಸಾಮಾನ್ಯವಾಗಿ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಡಯಾಲಿಸಿಸ್ ಒಂದು ದಿನ ತಪ್ಪಿದರೆ ಆಂಟಿಬಯೋಟಿಕ್ ಕೂಡ ತಪ್ಪುತ್ತದೆ. ಹಬ್ಬ, ಮದುವೆ, ಬಸ್ ಬಂದ್ ಇದ್ದಾಗ ಇದು ನಡೆದುಹೋಗುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ಹಾಗಾಗುವಂತಿದ್ದರೆ ಘಟಕಕ್ಕೆ ಮುಂಚಿತವಾಗಿ ಫೋನ್ ಮಾಡಿ. ಯಾವ ದಿನ, ಯಾವ ಔಷಧಿ, ಎಷ್ಟು ಗ್ರಾಂ ಎಂದು ಒಂದು ಪುಸ್ತಕದಲ್ಲಿ ಬರೆಸಿಕೊಂಡು ಪ್ರತಿ ಸಲ ತನ್ನಿ; ಬೆಳಗಿನ ಪಾಳಿಯವರು ಬರೆದದ್ದು ಮುಂದಿನ ಪಾಳಿಯವರಿಗೆ ತಲುಪದೆ ಡೋಸ್ ಬಿಟ್ಟುಹೋದ ಉದಾಹರಣೆಗಳಿವೆ. ಹೊಸ ಕ್ಯಾತಿಟರ್ ಹಾಕಿದ ಮೇಲೆ, ಜೋಡಿಸುವಾಗ ಮತ್ತು ಬಿಡಿಸುವಾಗ ಅಮ್ಮನಿಗೂ ಸಿಬ್ಬಂದಿಗೂ ಮಾಸ್ಕ್ ಇರಬೇಕು, ಮುಚ್ಚಳದ ಜಾಗವನ್ನು ಉಜ್ಜಿ ಶುದ್ಧಿ ಮಾಡಬೇಕು. ಮಾಡದಿದ್ದರೆ ಸಂಕೋಚವಿಲ್ಲದೆ ಕೇಳಿ. ಡ್ರಿಪ್ ಹಾಕಲು ಅಥವಾ ರಕ್ತ ಪರೀಕ್ಷೆಗೆಂದು ಬೇರೆ ಕಡೆ ಆ ಕ್ಯಾತಿಟರ್ ತೆರೆಯಲು ಬಿಡಬೇಡಿ.

ಉತ್ತರ 3 (ರೋಗಿಯೊಬ್ಬರ ಮಗ, ಮೈಸೂರು)

ಡಯಾಲಿಸಿಸ್ ರೋಗಿಗೆ ಆಂಟಿಬಯೋಟಿಕ್ ಕಡಿಮೆಯಾಗುವ ಭಯದಷ್ಟೇ ಹೆಚ್ಚಾಗುವ ಭಯವೂ ಇದೆ ಎಂಬುದನ್ನು ನಮ್ಮ ತಂದೆಯವರ ಮೂಲಕ ತಿಳಿದೆ. ಅವರಿಗೆ ನ್ಯುಮೋನಿಯಾ ಆಗಿ ಒಂದು ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಸೆಫೆಪೈಮ್ ಇಂಜೆಕ್ಷನ್ನನ್ನು ಸಾಮಾನ್ಯ ರೋಗಿಗೆ ಕೊಡುವಂತೆ ದಿನಕ್ಕೆರಡು ಸಲ ಕೊಟ್ಟರು. ಕೆಮ್ಮು ಕಡಿಮೆಯಾಯಿತು, ಜ್ವರ ಇಳಿಯಿತು. ನಾಲ್ಕನೆಯ ದಿನದಿಂದ ಅವರು ಕೇಳಿದ ಪ್ರಶ್ನೆಗೆ ಉತ್ತರಿಸುವ ಬದಲು ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳತೊಡಗಿದರು. ಕೈಗಳು ತಾವಾಗಿಯೇ ಥಟ್ಟನೆ ಎಗರುತ್ತಿದ್ದವು. ಮರುದಿನ ನನ್ನನ್ನೇ ಗುರುತಿಸಲಿಲ್ಲ. ಪಾರ್ಶ್ವವಾಯು ಎಂದು ಸ್ಕ್ಯಾನ್ ಮಾಡಿಸಿದರು, ಅದರಲ್ಲಿ ಏನೂ ಇರಲಿಲ್ಲ. ವಯಸ್ಸಾದವರಿಗೆ ಆಸ್ಪತ್ರೆಯಲ್ಲಿ ಹೀಗಾಗುತ್ತದೆ ಎಂದು ಸಮಾಧಾನ ಹೇಳಿದರು.

ಅವರ ಡಯಾಲಿಸಿಸ್ ನೋಡಿಕೊಳ್ಳುವ ತಜ್ಞರು ಬಂದು ಔಷಧಿಯ ಪಟ್ಟಿ ನೋಡಿದ ಕೂಡಲೇ ಸೆಫೆಪೈಮ್ ನಿಲ್ಲಿಸಿ, ಅಂದೇ ಡಯಾಲಿಸಿಸ್ ಮಾಡಿಸಿದರು, ಮರುದಿನವೂ ಮಾಡಿಸಿದರು. ಔಷಧಿ ದೇಹದಲ್ಲಿ ಶೇಖರವಾಗಿ ಮಿದುಳಿಗೆ ತೊಂದರೆ ಕೊಟ್ಟಿದೆ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿಯಲ್ಲಿ ಹೊರಗೆ ಕಾಣದ ಸೆಳವಿನ (ಫಿಟ್ಸ್) ಗುರುತಿದೆ ಎಂದು ವಿವರಿಸಿದರು. ಮೂರನೆಯ ದಿನ ಬೆಳಿಗ್ಗೆ ಅಪ್ಪ ನನ್ನ ಹೆಸರು ಹಿಡಿದು ಕರೆದು ಕಾಫಿ ಕೇಳಿದರು. ಆ ಐದು ದಿನ ನಮ್ಮ ಮನೆಯವರು ಪಟ್ಟ ಸಂಕಟವನ್ನು ಇಲ್ಲಿ ಬರೆಯಲಾರೆ. ಡಯಾಲಿಸಿಸ್ ರೋಗಿ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವಾಗ ಮಾತು ತೊದಲಿದರೆ, ಗೊಂದಲವಾದರೆ, ಕೈಕಾಲು ಎಗರಿದರೆ, ಡೋಸ್ ಹೆಚ್ಚಾಗಿರಬಹುದೇ ಎಂದು ದಯವಿಟ್ಟು ಬಾಯಿಬಿಟ್ಟು ಕೇಳಿ.

ಉತ್ತರ 4 (ಫಾರ್ಮಸಿಸ್ಟ್)

ಮೊದಲು ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಪ್ರಮಾಣದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಡಯಾಲಿಸಿಸ್ ರೋಗಿಗಳಿಗೆ ಅದು ದಿನಕ್ಕೆ ಒಂದೇ ಸಲ, 250ರಿಂದ 500 ಮಿಲಿಗ್ರಾಂ, ಡಯಾಲಿಸಿಸ್ ದಿನ ಡಯಾಲಿಸಿಸ್ ಮುಗಿದ ಮೇಲೆ. ನಿಮ್ಮ ತಾಯಿಯವರು ರಂಜಕ ತಗ್ಗಿಸಲು ಊಟದ ಜೊತೆ ಕ್ಯಾಲ್ಸಿಯಂ ಅಥವಾ ಸೆವೆಲಮರ್ ಮಾತ್ರೆ ತೆಗೆದುಕೊಳ್ಳುತ್ತಿರಬಹುದು; ಅವು ಹೊಟ್ಟೆಯಲ್ಲಿಯೇ ಸಿಪ್ರೊಫ್ಲಾಕ್ಸಾಸಿನ್ನನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಕಬ್ಬಿಣದ ಮಾತ್ರೆಯೂ ಹಾಗೆಯೇ. ಸಿಪ್ರೊಫ್ಲಾಕ್ಸಾಸಿನ್ನನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು ಎಂದು ಚೀಟಿಯ ಮೇಲೆ ಬರೆದುಕೊಡುವುದು ನಮ್ಮಂತಹವರ ಕೆಲಸ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸಬಹುದು ಎಂಬುದನ್ನೂ ನೆನಪಿಡಿ.

ಮೂತ್ರದ ಸೋಂಕಿಗೆ ಅಂಗಡಿಯಲ್ಲಿ ಸುಲಭವಾಗಿ ಕೇಳುವ ನೈಟ್ರೊಫ್ಯುರಾಂಟೊಯಿನ್ ಈ ರೋಗಿಗಳಿಗೆ ಬೇಡವೇ ಬೇಡ. ಮೂತ್ರಕ್ಕೆ ಸೇರಬೇಕಾದ ಔಷಧಿ ಸೇರದೆ, ರಕ್ತದಲ್ಲಿ ಉಳಿದು ಕೈಕಾಲಿನ ನರಗಳನ್ನು ಕೆಡಿಸುತ್ತದೆ. ಕೊಟ್ರಿಮೊಕ್ಸಜೋಲ್ ಪೊಟ್ಯಾಶಿಯಂ ಏರಿಸುತ್ತದೆ. ಜೆಂಟಾಮೈಸಿನ್ ಮತ್ತು ಅಮಿಕಾಸಿನ್ ಕಿವಿಯ ಕೇಳ್ಮೆಯನ್ನೂ ದೇಹದ ಸಮತೋಲವನ್ನೂ ಶಾಶ್ವತವಾಗಿ ಹಾಳುಮಾಡಬಲ್ಲವು, ಉಳಿದಿರುವ ಅಲ್ಪಸ್ವಲ್ಪ ಮೂತ್ರವನ್ನೂ ನಿಲ್ಲಿಸಬಲ್ಲವು. ಎಲ್ಲಕ್ಕೂ ಡೋಸ್ ಇಳಿಸಬೇಕು ಎಂದೂ ಅಲ್ಲ. ಸೆಫ್ಟ್ರಿಯಾಕ್ಸೋನ್ ಪಿತ್ತರಸದ ಮೂಲಕವೂ ಹೊರಹೋಗುತ್ತದೆ, ಡಯಾಲಿಸಿಸ್‌ನಲ್ಲಿ ಹೆಚ್ಚು ತೊಳೆದುಹೋಗುವುದಿಲ್ಲ. ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್‌ಗಳ ಪ್ರಮಾಣವನ್ನು ಬದಲಿಸಬೇಕಾಗಿಲ್ಲ. ಮೂತ್ರಪಿಂಡದ ಹೆಸರು ಕೇಳಿದೊಡನೆ ಎಲ್ಲವನ್ನೂ ಅರ್ಧ ಮಾಡಿ ಕೊಡುವುದು ಕೂಡ ರೋಗಿಗೆ ಅನ್ಯಾಯವೇ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಅಮ್ಮ ಊಟದ ಜೊತೆ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ನಿಜ. ಸಿಪ್ರೊಫ್ಲಾಕ್ಸಾಸಿನ್ನನ್ನು ಅದರೊಂದಿಗೇ ನುಂಗಿಸುತ್ತಿದ್ದೆ. ಇನ್ನೊಂದು ಸಂಶಯ: ಪಕ್ಕದ ಹಾಸಿಗೆಯ ರೋಗಿಗೆ ಎರಡು ತಿಂಗಳಿಂದ ಸಂಜೆ ಜ್ವರ ಬರುತ್ತಿದೆ, ಕಲ್ಚರ್‌ನಲ್ಲಿ ಏನೂ ಬೆಳೆಯುತ್ತಿಲ್ಲ, ಆಂಟಿಬಯೋಟಿಕ್ ಬದಲಾಯಿಸುತ್ತಲೇ ಇದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ 5 (ಮೂತ್ರಪಿಂಡ ವೈದ್ಯೆ)

ಕ್ಷಯರೋಗಕ್ಕಾಗಿ ಹುಡುಕಿದ್ದಾರೆಯೇ ಎಂದು ಕೇಳಲು ಹೇಳಿ. ಡಯಾಲಿಸಿಸ್ ರೋಗಿಗಳಲ್ಲಿ ಟಿಬಿ ಇತರರಿಗಿಂತ ಹೆಚ್ಚು, ಮತ್ತು ಅದು ಶ್ವಾಸಕೋಶದ ಬದಲು ಗ್ರಂಥಿ, ಹೊಟ್ಟೆ, ಎದೆಯ ಪೊರೆಗಳಲ್ಲಿ ಅಡಗಿರುವುದು ಹೆಚ್ಚು. ಕಫದಲ್ಲಿ ಸಿಗದಿರುವುದರಿಂದ ಇಲ್ಲ ಎನ್ನಲಾಗದು. ಅಂಥವರಿಗೆ ಲೆವೊಫ್ಲಾಕ್ಸಾಸಿನ್ ಅಥವಾ ಲಿನೆಝೋಲಿಡ್ ಸುಮ್ಮನೆ ಕೊಟ್ಟರೆ ಟಿಬಿ ಸ್ವಲ್ಪ ತಗ್ಗಿ, ರೋಗನಿರ್ಣಯ ಇನ್ನಷ್ಟು ತಡವಾಗುತ್ತದೆ. ಟಿಬಿ ಎಂದು ತಿಳಿದರೆ ರಿಫಾಂಪಿಸಿನ್ ಮತ್ತು ಐಸೋನಿಯಾಝಿಡ್ ಎಂದಿನಂತೆ ನಡೆಯುತ್ತವೆ, ಎಥಾಂಬುಟಾಲ್ ಮತ್ತು ಪೈರಾಝಿನಮೈಡ್‌ಗಳನ್ನು ಪ್ರತಿದಿನದ ಬದಲು ವಾರಕ್ಕೆ ಮೂರು ಸಲ ಕೊಡುತ್ತೇವೆ. ಡಯಾಲಿಸಿಸ್ ದಿನಗಳಲ್ಲಿ ಇವೆಲ್ಲವೂ ಡಯಾಲಿಸಿಸ್ ಮುಗಿದ ನಂತರವೇ, ಪಿರಿಡಾಕ್ಸಿನ್ (ಬಿ6 ವಿಟಮಿನ್) ಮಾತ್ರೆಯೊಂದಿಗೆ. ನಿಮ್ಮ ತಾಯಿಯವರ ಕ್ಯಾತಿಟರ್ ವಿಷಯ ಏನಾಯಿತು?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ, ಹತ್ತು ದಿನಗಳ ನಂತರ

ಹಳೆಯ ಪರ್ಮ್‌ಕ್ಯಾತ್ ತೆಗೆದರು. ಅಂದೇ ಕಲ್ಚರ್ ಮತ್ತೆ ತೆಗೆದು, ಒಂದು ಡಯಾಲಿಸಿಸ್‌ಗೆ ತೊಡೆಯಲ್ಲಿ ತಾತ್ಕಾಲಿಕ ಕ್ಯಾತಿಟರ್ ಹಾಕಿದ್ದರು. ಆ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ ಎಂದು ಖಚಿತವಾದ ಮೇಲೆ ಕುತ್ತಿಗೆಯಲ್ಲಿ ಹೊಸದನ್ನು ಇಟ್ಟಿದ್ದಾರೆ. ಎಕೋದಲ್ಲಿ ಕವಾಟಗಳು ಚೆನ್ನಾಗಿವೆ. ನಾಲ್ಕು ದಿನಗಳ ಅಂತರದ ಬಗ್ಗೆ ಕೇಳಿದಾಗ ತಜ್ಞರು ಮೂತ್ರದ ಪ್ರಮಾಣ ಕೇಳಿದರು. ಅಳೆದದ್ದು ದಿನಕ್ಕೆ ಸುಮಾರು 300 ಮಿಲಿಲೀಟರ್ ಇತ್ತು. ಈ ನಾಲ್ಕು ವಾರಗಳ ಮಟ್ಟಿಗೆ ಬುಧವಾರವೂ ಡಯಾಲಿಸಿಸ್ ಮಾಡಲು ಪತ್ರ ಬರೆದುಕೊಟ್ಟಿದ್ದಾರೆ. ಸೋಮವಾರ ಮತ್ತು ಬುಧವಾರ 2 ಗ್ರಾಂ, ಶುಕ್ರವಾರ 3 ಗ್ರಾಂ. ಘಟಕದವರು ಬೆಳಗಿನ ಪಾಳಿಯಲ್ಲಿ ಜಾಗ ಮಾಡಿಕೊಟ್ಟರು. ನರ್ಸ್ ಅವರು ಹೇಳಿದಂತೆ ಪುಸ್ತಕ ಇಟ್ಟಿದ್ದೇನೆ. ಇಂದಿನ ಡೋಸ್ ಸೇರಿ ಐದಾಗಿವೆ, ಇನ್ನು ಏಳು ಉಳಿದಿವೆ. ಪಕ್ಕದ ಹಾಸಿಗೆಯವರಿಗೆ ಕುತ್ತಿಗೆಯ ಗಂಟಿನಿಂದ ಸೂಜಿ ಪರೀಕ್ಷೆ ಮಾಡಿದ್ದಾರೆ, ವರದಿ ಶುಕ್ರವಾರ ಬರುತ್ತದೆ.